ಕತ್ತರಿಸಿದ ಟ್ಯೂಬಿನ ತುದಿ: ಕೈಯಲ್ಲಿ ಕೆರೆಯುವುದೋ, ಬ್ರಷ್‌ಗೆ ಕೊಡುವುದೋ, ಮಿಷಿನ್ ತರುವುದೋ?

ಒಮ್ಮೆ ನಮ್ಮಲ್ಲಿಂದ ಹೋದ 300 ಟ್ಯೂಬು ವಾಪಸ್ ಬಂದವು. ಹೈಡ್ರಾಲಿಕ್ ಟ್ಯೂಬು, ಹೊರ ಅಳತೆ 12 ಮಿ.ಮೀ., ಗೋಡೆಯ ದಪ್ಪ 1.5 ಮಿ.ಮೀ. ಬರ್, ಅಂದರೆ ಕತ್ತರಿಸಿದಾಗ ಅಂಚಿನಲ್ಲಿ ಏಳುವ ಚೂಪು ಸಿಬಿರು, ಉಳಿದಿರಬೇಕು ಅಂದುಕೊಂಡು ಪೆಟ್ಟಿಗೆ ತೆರೆದೆ. ಬರ್ ಒಂದು ಚೂರೂ ಇರಲಿಲ್ಲ. ನಮ್ಮ ಹುಡುಗ ಅಷ್ಟು ಶ್ರದ್ಧೆಯಿಂದ ಕೆರೆದಿದ್ದ. ಒಳಗಿಂದ ಸುಮಾರು 0.7, ಹೊರಗಿಂದ ಇನ್ನೊಂದು 0.7. ಉಳಿದದ್ದೇನು? ತುದಿ ಈಳಿಗೆಮಣೆಯ ಅಲಗಿನ ಥರ ಆಗಿತ್ತು.

ಆ ಟ್ಯೂಬು ಹೋಗಬೇಕಾಗಿದ್ದು 24 ಡಿಗ್ರಿ ಕೋನ್ ಇರುವ ಕಟಿಂಗ್ ರಿಂಗ್ ಫಿಟಿಂಗ್ ಒಳಗೆ. ಅಲ್ಲಿ ಟ್ಯೂಬಿನ ತುದಿ ಫಿಟಿಂಗ್‌ನ ಒಳಮೆಟ್ಟಿಲಿಗೆ ಸರಿಯಾಗಿ ತಾಗಿ ನಿಲ್ಲಬೇಕು. ಆಮೇಲೆ ನಟ್ ಬಿಗಿ ಮಾಡಿದಾಗ ರಿಂಗು ಟ್ಯೂಬನ್ನು ಕಚ್ಚಿ ಹಿಡಿಯುತ್ತದೆ. ಚೂಪಾದ ತುದಿ ಬಿಗಿಯುವಾಗ ಮಡಚಿಕೊಂಡರೆ ರಿಂಗು ಎಲ್ಲಿ ಕಚ್ಚಿತು ಅನ್ನುವುದಕ್ಕೆ ಭರವಸೆಯೇ ಇಲ್ಲ. ಇಂಥ ಫಿಟಿಂಗ್‌ಗೆ ಬೇಕಾಗಿರುವುದು ಒಳಗೂ ಹೊರಗೂ 0.2ರಿಂದ 0.3 ಮಿ.ಮೀ. ಅಷ್ಟೆ. ಸುಮ್ನೆ ಮುಟ್ಟಿ ಬಿಟ್ಟಂತೆ.

ತಪ್ಪು ಹುಡುಗನದ್ದಲ್ಲ, ನನ್ನದು. 'ಬರ್ ತೆಗಿ' ಅಂತ ಹೇಳಿದ್ದೆ, ಎಷ್ಟು ಅಂತ ಹೇಳಿರಲಿಲ್ಲ. ಹಾಗಾಗಿ ಯಾವ ಮಿಷಿನ್ ಒಳ್ಳೇದು ಅಂತ ಯಾರಾದರೂ ಕೇಳಿದರೆ, ನಾನು ತಿರುಗಿ ಕೇಳುವುದು ಇಷ್ಟೇ: ಆ ತುದಿ ಮುಂದೆ ಎಲ್ಲಿಗೆ ಹೋಗುತ್ತದೆ?

ತುದಿಗೆ ಮುಂದೆ ಏನು ಕೆಲಸ?

ಕುರ್ಚಿಯ ಕಾಲು ಅಂದುಕೊಳ್ಳಿ. ತುದಿಗೆ ಪ್ಲಾಸ್ಟಿಕ್ ಕ್ಯಾಪ್ ಬೀಳುತ್ತದೆ, ಮೇಲೆ ಪೌಡರ್ ಕೋಟಿಂಗ್ ಆಗುತ್ತದೆ. ಇಲ್ಲಿ ಎರಡು ಸಾಕು: ಕೈಗೆ ಕೊಯ್ಯಬಾರದು, ಅಂಚು ತೀರಾ ಚೂಪಾಗಿರಬಾರದು. ಚೂಪು ಅಂಚಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಒಲೆಯಲ್ಲಿ ಕರಗುವಾಗ ಅಂಚಿನಿಂದ ಹಿಂದೆ ಸರಿದು ಅಲ್ಲಿ ಪದರ ತೆಳ್ಳಗಾಗುತ್ತದೆ. ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಮನೆಯೊಳಗಿನ ಫರ್ನಿಚರ್‌ಗೆ ಬ್ರಷ್ ಕೊಡುವ ಸಣ್ಣ ದುಂಡು ಸಾಕು. ಮಳೆ ಬಿಸಿಲಿಗೆ ನಿಲ್ಲುವ ಭಾರೀ ಉಕ್ಕಿನ ಕೆಲಸ ಬೇರೆ. ಪೇಂಟಿಂಗ್‌ಗೆ ಮುಂಚಿನ ತಯಾರಿಯ ಐಎಸ್‌ಒ 8501-3 ಮಾನದಂಡದಲ್ಲಿ ಅತಿ ಕಟ್ಟುನಿಟ್ಟಾದ ಪಿ3 ದರ್ಜೆ ಕೇಳಿದರೆ, ಅಂಚಿಗೆ ಕನಿಷ್ಠ 2 ಮಿ.ಮೀ. ರೇಡಿಯಸ್ ಬೇಕು. ಅದು ಬ್ರಷ್‌ನಿಂದ ಆಗುವ ಕೆಲಸವಲ್ಲ.

ಕರೆಂಟ್ ವೈರ್ ಎಳೆಯುವ ಕಾಂಡ್ಯೂಟ್ ಆದರೆ ಒಳ ಅಂಚೇ ಮುಖ್ಯ. ಹೊರಗೆ ಎಷ್ಟು ಚೆಂದ ಇದ್ದರೂ ಒಳಗೆ ಒಂದು ಮುಳ್ಳು ಉಳಿದರೆ ವೈರಿನ ಮೇಲಿನ ಪಿವಿಸಿ ಸೀಳಿ ಹೋಗುತ್ತದೆ. ಅದು ಗೊತ್ತಾಗುವುದು ಗೋಡೆಗೆ ಪ್ಲಾಸ್ಟರ್ ಆದಮೇಲೆ.

ಒ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ದಾಟಿ ಒಳಗೆ ಹೋಗುವ ಟ್ಯೂಬಿಗೆ 45 ಡಿಗ್ರಿ ಚ್ಯಾಂಫರ್, ಅಂದರೆ ಅಂಚಿಗೆ ಓರೆ ಇಳಿಜಾರು, ಹಾಕಿ ಕೈತೊಳೆದುಕೊಳ್ಳುವವರು ಜಾಸ್ತಿ. 45 ಡಿಗ್ರಿ ಅಂಚೂ ರಬ್ಬರನ್ನು ಚಿವುಟುತ್ತದೆ. 15ರಿಂದ 20 ಡಿಗ್ರಿಯ ಉದ್ದನೆಯ ಇಳಿಜಾರು ಬೇಕು, ಅದೂ ನುಣ್ಣಗೆ. ಅದಕ್ಕೆ ಲೇತ್ ಅಥವಾ ಕೋನಕ್ಕೆ ತಕ್ಕ ಇನ್ಸರ್ಟ್ (ಬದಲಿಸಬಹುದಾದ ಕತ್ತರಿಸುವ ತುಣುಕು) ಹಾಕಿದ ಚ್ಯಾಂಫರ್ ಮಿಷಿನ್, ಬೇರೆ ದಾರಿ ಇಲ್ಲ.

ವೆಲ್ಡಿಂಗ್‌ಗೆ ಹೋಗುವ ತುದಿಯಲ್ಲೂ ಎರಡು ಜಾತಿ. ಡೈರಿ ಪೈಪಿನ ಥರದ ತೆಳು ಸ್ಟೇನ್‌ಲೆಸ್ ಟ್ಯೂಬನ್ನು ತುದಿಗೆ ತುದಿ ಕೂರಿಸಿ ಟಿಗ್ ವೆಲ್ಡಿಂಗ್ ಮಾಡುವಾಗ ಮುಖ ನೇರವಾಗಿರಬೇಕು, ಬರ್ ಇರಬಾರದು, ಚ್ಯಾಂಫರ್ ಮಾತ್ರ ಬೇಡವೇ ಬೇಡ. ಅಂಚು ಕರಗಿಯೇ ಜಾಯಿಂಟ್ ತುಂಬಬೇಕು. ಕೆರೆದು ತೆಗೆದ ಲೋಹವನ್ನು ಎಲ್ಲಿಂದ ತರುತ್ತೀರಿ? ದಪ್ಪ ಪೈಪು ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ 37.5 ಡಿಗ್ರಿ ಬೆವೆಲ್ (ವೆಲ್ಡಿಂಗ್ ತುಂಬಲು ಅಂಚಿಗೆ ಕೊಡುವ ಓರೆ), ಬುಡದಲ್ಲಿ ಸುಮಾರು 1.6 ಮಿ.ಮೀ. ಮುಖ ಬಿಡುವುದು ರೂಢಿ. ಅದು ಬರ್ ತೆಗೆಯುವ ಕೆಲಸವೇ ಅಲ್ಲ, ಬೆವೆಲಿಂಗ್ ಮಿಷಿನ್ ಕೆಲಸ. ಈ ಬರಹದಲ್ಲಿ ಅದನ್ನು ಬಿಟ್ಟಿದ್ದೇನೆ.

ಬರ್ ಹುಟ್ಟಿದ್ದು ಹೇಗೆ?

ಗಾಲಿ ಇರುವ ಟ್ಯೂಬ್ ಕಟರ್ ಲೋಹವನ್ನು ಕತ್ತರಿಸುವುದಕ್ಕಿಂತ ಜಾಸ್ತಿ ಒಳಗೆ ತಳ್ಳುತ್ತದೆ. ಹೊರಗೆ ನುಣ್ಣಗೆ ಕಾಣುತ್ತದೆ, ಒಳಗೆ ಬಾಯಿ ಕಿರಿದಾಗಿರುತ್ತದೆ. ಎಸಿ ಕೆಲಸದ ತಾಮ್ರದ ಪೈಪಿಗೆ ಇದು ನಡೆಯುತ್ತದೆ, ಯಾಕೆಂದರೆ ಆಮೇಲೆ ಒಳ ಅಂಚು ಕೆರೆಯುವ ರೀಮರ್ ಹಾಕಿಯೇ ಹಾಕುತ್ತಾರೆ. ಹೈಡ್ರಾಲಿಕ್ ಟ್ಯೂಬಿಗೆ ಈ ಕಟರ್ ಬೇಡ ಅಂತ ಫಿಟಿಂಗ್ ಮಾಡುವವರೇ ಹೇಳುತ್ತಾರೆ.

ಎಮರಿ ಚಕ್ರದ ಚಾಪ್ ಸಾ ಬಿಸಿ ಬಿಸಿ ಬರ್ ಕೊಡುತ್ತದೆ. ದಪ್ಪ, ಗಟ್ಟಿ, ಅಂಚಿಗೆ ಬೆಸುಗೆ ಹಾಕಿದಂತೆ ಅಂಟಿಕೊಂಡಿರುತ್ತದೆ. ಕಟಿಂಗ್ ಅಗ್ಗ, ಸ್ವಚ್ಛ ಮಾಡುವುದು ದುಬಾರಿ. ಹಲ್ಲಿನ ಬ್ಲೇಡ್ ಇರುವ ಕೋಲ್ಡ್ ಸಾ ನಿಧಾನವಾಗಿ ತಿರುಗುತ್ತದೆ, ಕೂಲೆಂಟ್ ಹರಿಯುತ್ತದೆ. ಬ್ಲೇಡ್ ಚೂಪಾಗಿದ್ದರೆ ಬರ್ ಉಗುರಿನಲ್ಲಿ ಕೀಳುವಷ್ಟು ತೆಳ್ಳಗೆ. ಮೊಂಡಾದರೆ ಒಂದೇ ದಿನದಲ್ಲಿ ಕಥೆ ಬದಲು. ಬ್ಯಾಂಡ್‌ಸಾ ಇವೆರಡರ ನಡುವೆ. ಅದರಲ್ಲಿ ಹಲ್ಲಿನ ಲೆಕ್ಕ ತಪ್ಪಬಾರದು: ಗೋಡೆಯ ದಪ್ಪದಲ್ಲಿ ಒಂದೇ ಸಲಕ್ಕೆ ಕನಿಷ್ಠ ಮೂರು ಹಲ್ಲು ಕೂತಿರುವಂತೆ ನೋಡಿಕೊಳ್ಳಿ ಅನ್ನುವುದು ಹಳೆಯ ಮಾತು. ತೆಳು ಟ್ಯೂಬಿಗೆ ಒರಟು ಹಲ್ಲು ಹಾಕಿದರೆ ಹಲ್ಲೂ ಮುರಿಯುತ್ತದೆ, ಅಂಚೂ ಹರಿಯುತ್ತದೆ.

ಲೇಸರ್ ಕಟಿಂಗ್‌ನಲ್ಲಿ ಬರ್ ಇರುವುದಿಲ್ಲ ಅಂತ ಕೆಲವರು ನಂಬಿದ್ದಾರೆ. ಅಂಚಿನ ಒಳಗೆ ಕರಗಿದ ಹನಿ ಗಟ್ಟಿಯಾಗಿ ಕೂರುತ್ತದೆ. ಎದುರು ಗೋಡೆಯ ಒಳಮೈಗೂ ಕಿಡಿ ಸಿಡಿದು ಅಂಟುತ್ತದೆ. ಆಕ್ಸಿಜನ್ ಹಾಕಿ ಕತ್ತರಿಸಿದ ಉಕ್ಕಿನ ಅಂಚಿನ ಮೇಲೆ ಆಕ್ಸೈಡ್ ಪದರ ಉಳಿಯುತ್ತದೆ. ಅದನ್ನು ತೆಗೆಯದೆ ಪೌಡರ್ ಕೋಟಿಂಗ್ ಮಾಡಿದರೆ ಬಣ್ಣ ಪದರದ ಜೊತೆಗೇ ಕಿತ್ತು ಬರುತ್ತದೆ. ನೈಟ್ರೋಜನ್‌ನಲ್ಲಿ ಕತ್ತರಿಸಿದರೆ ಈ ಕಾಟವಿಲ್ಲ, ಖರ್ಚು ಮಾತ್ರ ಜಾಸ್ತಿ.

ಕೈ ಕೆಲಸ

ಗುಬ್ಬಚ್ಚಿ ಕೊಕ್ಕಿನ ಥರ ಬಾಗಿದ, ಹಿಡಿಯಲ್ಲಿ ತಿರುಗುವ ಬ್ಲೇಡ್ ಇರುವ ಡಿಬರಿಂಗ್ ಟೂಲ್ ನೋಡಿರುತ್ತೀರಿ. ಅದರ ಜೊತೆ ಒಂದು ಅರ್ಧ ದುಂಡು ಫೈಲ್, ಒಂದು ಕೋನ್ ರೀಮರ್ ಇದ್ದರೆ 100 ಪೀಸ್ ಒಳಗಿನ ಯಾವ ಕೆಲಸಕ್ಕೂ ನಾನು ಬೇರೇನೂ ಹುಡುಕುವುದಿಲ್ಲ. ಅಳತೆ ದಿನಕ್ಕೊಂದು ಬದಲಾಗುವ ಜಾಬ್ ವರ್ಕ್ ಅಂಗಡಿಗೆ, ಸೈಟ್ ಕೆಲಸಕ್ಕೆ ಇದೇ ಸರಿ.

ಇದರ ತೊಂದರೆ ಕೈಯದ್ದೇ. ಬೆಳಿಗ್ಗೆ 9ಕ್ಕೆ ತೆಗೆದ ಅಂಚು, ಊಟ ಆದಮೇಲೆ 3ಕ್ಕೆ ತೆಗೆದ ಅಂಚು ಒಂದೇ ಥರ ಇರುವುದಿಲ್ಲ. ಇನ್ನೊಂದು, ಬ್ಲೇಡ್ ಬದಲಿಸುವ ಜಿಪುಣತನ. ಇಡೀ ಉಪಕರಣದಲ್ಲಿ ಅಗ್ಗದ ಭಾಗ ಅದೇ, ಆದರೂ ಮೊಂಡಾಗಿ ಜಾರುವವರೆಗೂ ಬಳಸುತ್ತಾರೆ. ಮೊಂಡು ಬ್ಲೇಡ್ ಕೆರೆಯುವುದಿಲ್ಲ, ಬರ್ ಅನ್ನು ಒತ್ತಿ ಮಲಗಿಸುತ್ತದೆ. ಸ್ಟೇನ್‌ಲೆಸ್‌ನಲ್ಲಿ ಉಜ್ಜಿದಷ್ಟೂ ಅಂಚು ಗಟ್ಟಿಯಾಗುತ್ತಾ ಹೋಗುತ್ತದೆ. ಅಲ್ಲಿ ಹೊಸ ಬ್ಲೇಡ್, ಒಂದೇ ಗಟ್ಟಿ ಸುತ್ತು.

ಎಸಿ ಪೈಪು ರೀಮ್ ಮಾಡುವಾಗ ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಚೂರು ಹೊರಗೆ ಬೀಳಲಿ. ಒಳಗೆ ಬಿದ್ದ ತಾಮ್ರದ ಸಿಪ್ಪೆ ಕೊನೆಗೆ ಕಂಪ್ರೆಸರ್ ಹುಡುಕಿಕೊಂಡು ಹೋಗುತ್ತದೆ.

ಗ್ರೈಂಡರ್

ಅವಸರಕ್ಕೆ ಎಲ್ಲರೂ ಓಡುವುದು ಬೆಂಚ್ ಗ್ರೈಂಡರ್ ಕಡೆಗೇ. ಹೊರ ಅಂಚು ಎರಡು ಸೆಕೆಂಡಿನಲ್ಲಿ ಹೋಗುತ್ತದೆ, ನಿಜ. ಆದರೆ ಒಳಗಿನ ಬರ್ ಅಲ್ಲೇ ಇರುತ್ತದೆ. ಎಷ್ಟೋ ಸಲ ಹೊರಗಿನದೂ ಒಳಕ್ಕೆ ಮಡಚಿಕೊಂಡಿರುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗುತ್ತದೆ, ಉದ್ದ ಕಡಿಮೆಯಾಗುತ್ತದೆ, ಮುಖ ಓರೆಯಾಗುತ್ತದೆ. ಗೇಟು, ಗ್ರಿಲ್ ಕೆಲಸಕ್ಕೆ ಇರಲಿ ಬಿಡಿ. ಅಳತೆ ಇರುವ ಕೆಲಸಕ್ಕೆ ನಾನಂತೂ ಬಿಡುವುದಿಲ್ಲ. ಫ್ಲಾಪ್ ವೀಲ್ ಅಥವಾ ಎಮರಿ ಬೆಲ್ಟ್ ಇದಕ್ಕಿಂತ ಮೆತ್ತಗೆ, ಗುಣ ಮಾತ್ರ ಅದೇ.

ಎರಡು ಎಚ್ಚರಿಕೆ. ತಿರುಗುವ ಚಕ್ರದ ಮುಂದೆ ಬಟ್ಟೆಯ ಕೈಗವಸು ಹಾಕಿ ನಿಲ್ಲಬೇಡಿ, ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಮತ್ತು ಉಕ್ಕಿನ ದೂಳನ್ನು ಒಂದೇ ಡಸ್ಟ್ ಕಲೆಕ್ಟರ್‌ಗೆ ಬಿಡಬೇಡಿ. ಅಲ್ಯೂಮಿನಿಯಂನ ನಯವಾದ ದೂಳಿಗೆ ಉಕ್ಕಿನ ಕಿಡಿ ಸಿಕ್ಕಿದರೆ ಅದು ಬರೀ ಬೆಂಕಿಯಲ್ಲ, ಸ್ಫೋಟ.

ಬ್ರಷ್

ಬ್ರಷ್ ಮಿಷಿನ್ ನೋಡಲು ಸರಳ. ಟ್ಯೂಬುಗಳು ಅಡ್ಡಡ್ಡ ಮಲಗಿ, ಉರುಳುತ್ತಾ ಮುಂದೆ ಹೋಗುತ್ತವೆ. ಎರಡು ಬದಿಯಲ್ಲೂ ಬ್ರಷ್ ತಿರುಗುತ್ತಿರುತ್ತದೆ. ಸಣ್ಣ ಅಂಗಡಿಯಲ್ಲಾದರೆ ಒಂದು ಮೋಟರ್, ಒಂದು ಬ್ರಷ್, ಕೈಯಲ್ಲಿ ಹಿಡಿದು ತಿರುಗಿಸುವುದು. ಬ್ರಷ್‌ನ ಒಳ್ಳೆಯ ಗುಣ ಅಂದರೆ ಅದಕ್ಕೆ ಆಕಾರದ ಹಂಗಿಲ್ಲ. ದುಂಡು, ಚೌಕ, ಅಂಡಾಕಾರ ಎಲ್ಲಕ್ಕೂ ಒಗ್ಗುತ್ತದೆ. ಚೌಕ ಟ್ಯೂಬಿನ ಮೂಲೆಗೆ ಕೋನ್ ಟೂಲ್ ಹೋಗುವುದೇ ಇಲ್ಲ, ಬ್ರಷ್ ಹೋಗುತ್ತದೆ. ನಿಮ್ಮದು ಬರೀ ಚೌಕ ಟ್ಯೂಬಿನ ಫರ್ನಿಚರ್ ಕೆಲಸವಾದರೆ ಮುಂದಿನ ಭಾಗ ಓದದೆ ಇದನ್ನೇ ತೆಗೆದುಕೊಳ್ಳಬಹುದು.

ಆದರೆ ಬ್ರಷ್ ಸಣ್ಣ ಬರ್‌ಗೆ ಮಾತ್ರ. ಚಾಪ್ ಸಾ ಕೊಟ್ಟ ದಪ್ಪ ಬರ್ ಮೇಲೆ ಉಕ್ಕಿನ ತಂತಿ ಬ್ರಷ್ ಹಿಡಿದರೆ ಅದು ಮುರಿಯುವ ಬದಲು ಮಡಚಿ ಒಳಗೆ ಕೂರುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಅದೇ ಅಪಾಯ. ನೈಲಾನ್ ಎಳೆಯಲ್ಲೇ ಸಿಲಿಕಾನ್ ಕಾರ್ಬೈಡ್ ಹರಳು ಬೆರೆಸಿದ ಬ್ರಷ್ ನಿಧಾನ, ಆದರೆ ಅಂಚನ್ನು ನಿಜವಾಗಿ ದುಂಡು ಮಾಡುತ್ತದೆ. ಜೋರಾಗಿ ಒತ್ತಿದರೆ ನೈಲಾನ್ ಕರಗಿ ಲೋಹಕ್ಕೆ ಮೆತ್ತಿಕೊಳ್ಳುತ್ತದೆ, ಹಾಗಾಗಿ ತುದಿ ಮಾತ್ರ ತಾಗುವಂತೆ ಇಡಬೇಕು. ತಿರುಗುವ ದಿಕ್ಕನ್ನು ಆಗಾಗ ಬದಲಿಸಿದರೆ ಬ್ರಷ್ ತನ್ನಷ್ಟಕ್ಕೆ ಚೂಪಾಗುತ್ತಾ ಜಾಸ್ತಿ ದಿನ ಬರುತ್ತದೆ.

ಸಾಮಾನ್ಯ ಉಕ್ಕಿಗೆ ಬಳಸಿದ ತಂತಿ ಬ್ರಷ್ ಅನ್ನು ಸ್ಟೇನ್‌ಲೆಸ್‌ಗೆ ಮುಟ್ಟಿಸಲೇಬೇಡಿ. ಕಬ್ಬಿಣದ ಕಣ ಮೇಲೆ ಅಂಟಿ, ಕೆಲವೇ ದಿನದಲ್ಲಿ ಸ್ಟೇನ್‌ಲೆಸ್ ಮೇಲೆ ಕಂದು ಚುಕ್ಕೆ ಏಳುತ್ತದೆ. 'ನೀವು ಕೊಟ್ಟ ಸ್ಟೀಲೇ ಡೂಪ್ಲಿಕೇಟ್' ಅಂತ ಗಿರಾಕಿ ಜಗಳಕ್ಕೆ ಬಂದಾಗ ವಿವರಿಸುವುದು ಕಷ್ಟ.

ಚ್ಯಾಂಫರ್ ಮಿಷಿನ್: ಒಂದು ಬದಿಯೋ, ಎರಡು ಬದಿಯೋ?

ಕಟರ್ ತಲೆಯಲ್ಲಿ ಮೂರು ಇನ್ಸರ್ಟ್ ಇರುತ್ತವೆ. ಒಂದು ಮುಖ ಸಾಪಾಟು ಮಾಡುತ್ತದೆ, ಒಂದು ಒಳ ಅಂಚಿಗೆ, ಇನ್ನೊಂದು ಹೊರ ಅಂಚಿಗೆ. ಟ್ಯೂಬನ್ನು ನಡುವೆ ಹಿಡಿದು ಎರಡೂ ಬದಿಯಿಂದ ತಲೆ ಬಂದರೆ ಅದೇ ಡಬಲ್ ಎಂಡ್. ಬರ್ ಹೋಗುವುದರ ಜೊತೆಗೆ ಉದ್ದವೂ ಸರಿಯಾಗುತ್ತದೆ, ಮುಖವೂ ನೇರವಾಗುತ್ತದೆ. ನನ್ನ ಲೆಕ್ಕದಲ್ಲಿ ಇದರ ನಿಜವಾದ ಲಾಭ ಇದೇ. ಬರ್ ಒಂದಕ್ಕೇ ಅಂತ ಇದನ್ನು ಕೊಳ್ಳುವುದು ಮೂಗಿಗಿಂತ ಮೂಗುತಿ ಭಾರ ಆದ ಹಾಗೆ.

ಗಡಿಯಾರ ಹಿಡಿದು ನೋಡಿದ್ದು ಹೇಳುತ್ತೇನೆ. ನಮ್ಮಲ್ಲಿ ಕೈಯಲ್ಲಿ ಎರಡೂ ತುದಿ ತೆಗೆದು ಪೆಟ್ಟಿಗೆಗೆ ಇಡಲು ಒಂದು ಟ್ಯೂಬಿಗೆ 25 ಸೆಕೆಂಡು. ಪರಿಚಯದವರ ಡಬಲ್ ಎಂಡ್ ಮಿಷಿನ್‌ನಲ್ಲಿ 8 ಸೆಕೆಂಡು, ಆದರೆ ಅಳತೆ ಬದಲಿಸಿ ಸೆಟ್ಟಿಂಗ್ ಮಾಡಲು 40 ನಿಮಿಷ. ಒಂದು ಟ್ಯೂಬಿಗೆ ಉಳಿಯುವುದು 17 ಸೆಕೆಂಡು. ಅಂದರೆ ಸುಮಾರು 140 ಪೀಸ್ ಆಗುವವರೆಗೆ ಸೆಟ್ಟಿಂಗ್ ಸಮಯವೇ ತೀರುವುದಿಲ್ಲ. 500 ಪೀಸ್ ಆದರೆ ಕೈಯಲ್ಲಿ ಮೂರೂವರೆ ಗಂಟೆ, ಮಿಷಿನ್‌ನಲ್ಲಿ ಸೆಟ್ಟಿಂಗ್ ಸೇರಿ ಎರಡು ಗಂಟೆಯೊಳಗೆ. 5,000 ಆದರೆ ಮಾತೇ ಬೇಡ. ನಿಮ್ಮ ಸೆಕೆಂಡು ಬೇರೆ ಇರಬಹುದು, ಹಾಗಾಗಿ ನಿಮ್ಮ ಹುಡುಗರ ಪಕ್ಕದಲ್ಲಿ ನಿಂತು ನೀವೇ ಎಣಿಸಿ. ಹತ್ತನೇ ಪೀಸ್ ಅಲ್ಲ, ಇನ್ನೂರನೇ ಪೀಸ್ ಎಣಿಸಿ.

ಇದರಲ್ಲಿ ಒಂದು ಕಿರಿಕಿರಿ ಇದೆ. ಇಆರ್‌ಡಬ್ಲ್ಯು (ತಗಡು ಸುತ್ತಿ ಕರೆಂಟಿನಲ್ಲಿ ಬೆಸೆದ) ಟ್ಯೂಬಿನ ಒಳಗೆ ಉದ್ದಕ್ಕೂ ವೆಲ್ಡಿಂಗ್ ಗೆರೆ ಉಬ್ಬಿರುತ್ತದೆ. ಒಳ ಇನ್ಸರ್ಟ್ ಪ್ರತಿ ಸುತ್ತಿಗೂ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಇನ್ಸರ್ಟ್ ಮೂಲೆ ಒಡೆಯುತ್ತದೆ, ಚ್ಯಾಂಫರ್ ಅಲೆ ಅಲೆಯಾಗುತ್ತದೆ. ಇಂಥ ಮಾಲಿಗೆ ಸ್ಪೀಡ್ ಇಳಿಸಿ, ಗಟ್ಟಿತನಕ್ಕಿಂತ ಪೆಟ್ಟು ತಡೆಯುವ ಗುಣ ಇರುವ ಇನ್ಸರ್ಟ್ ಕೇಳಿ. ಒಳ ಗೆರೆ ಕೆರೆದು ತೆಗೆದ ಟ್ಯೂಬು ಸಿಕ್ಕರೆ ಇನ್ನೂ ಒಳ್ಳೇದು.

ಡಬಲ್ ಎಂಡ್ ಕೈಗೆಟುಕದವರಿಗೆ ನಡುವಿನ ದಾರಿ ಒಂದಿದೆ: ಡ್ರಿಲ್ಲಿಂಗ್ ಮಿಷಿನ್‌ಗೆ ಕೌಂಟರ್‌ಸಿಂಕ್ (ಶಂಕುವಿನಾಕಾರದ ಕಟರ್) ಹಾಕಿ ಒಳ ಅಂಚು ತೆಗೆಯುವುದು. ಕಿರಿಚಿ ನಡುಗಿದರೆ ಸ್ಪೀಡ್ ಕಮ್ಮಿ ಮಾಡಿ, ಒತ್ತಡ ಜಾಸ್ತಿ ಮಾಡಿ. ಎಷ್ಟು ಆಳಕ್ಕೆ ಹೋಗಬೇಕೋ ಅಲ್ಲಿಗೆ ನಿಲ್ಲಿಸುವ ಸ್ಟಾಪರ್ ಕಟ್ಟುವುದನ್ನು ಮರೆಯಬೇಡಿ. ನನ್ನ 300 ಟ್ಯೂಬಿಗೆ ಒಂದು ಸ್ಟಾಪರ್ ಇದ್ದಿದ್ದರೆ ವಾಪಸ್ ಬರುತ್ತಿರಲಿಲ್ಲ.

ವೈಬ್ರೋ, ಮತ್ತೆ ದೊಡ್ಡವರ ಆಟಗಳು

ನಡುಗುವ ತೊಟ್ಟಿಯಲ್ಲಿ ಸೆರಾಮಿಕ್ ಕಲ್ಲಿನ ಜೊತೆ ಟ್ಯೂಬಿನ ತುಂಡುಗಳನ್ನು ಹಾಕಿ ಬಿಟ್ಟುಬಿಡುವುದು ವೈಬ್ರೋ. ಬೆರಳುದ್ದದ ಬುಷ್, ಸ್ಪೇಸರ್ ಸಾವಿರಗಟ್ಟಲೆ ಇದ್ದರೆ ಇದರಷ್ಟು ಸುಲಭ ಬೇರಿಲ್ಲ. ಅಲ್ಯೂಮಿನಿಯಂಗೆ ಪ್ಲಾಸ್ಟಿಕ್ ಮೀಡಿಯಾ. ಉದ್ದ ಟ್ಯೂಬಿಗೆ ಮಾತ್ರ ಬೇಡ. ಒಳಗೆ ಕಲ್ಲು ಆಡುವುದಿಲ್ಲ, ತುಂಡುಗಳು ಒಂದಕ್ಕೊಂದು ಬಡಿದು ನೆಗ್ಗುತ್ತವೆ. ಕಲ್ಲಿನ ಅಳತೆ ಒಳರಂಧ್ರದ ಮೂರನೇ ಒಂದು ಭಾಗಕ್ಕಿಂತ ಸಣ್ಣದಿರಲಿ, ಇಲ್ಲವೇ ರಂಧ್ರಕ್ಕಿಂತ ದೊಡ್ಡದೇ ಇರಲಿ. ನಡುವಿನ ಅಳತೆ ಹಾಕಿದರೆ ಎರಡು ಕಲ್ಲು ಜೊತೆಯಾಗಿ ಒಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಆಮೇಲೆ ಒಂದೊಂದೇ ಟ್ಯೂಬು ಹಿಡಿದು ಕಡ್ಡಿಯಲ್ಲಿ ಕುಟ್ಟಿ ತೆಗೆಯುತ್ತಾ ಕೂರಬೇಕು.

ಎಲೆಕ್ಟ್ರೋಕೆಮಿಕಲ್ ವಿಧಾನದಲ್ಲಿ ಉಪ್ಪಿನ ದ್ರಾವಣದ ಮೂಲಕ ಕರೆಂಟ್ ಹರಿಸಿ ಬರ್ ಕರಗಿಸುತ್ತಾರೆ. ಥರ್ಮಲ್‌ನಲ್ಲಿ ಮುಚ್ಚಿದ ಕೋಣೆಯೊಳಗೆ ಇಂಧನ ಅನಿಲ ಮತ್ತು ಆಕ್ಸಿಜನ್ ಹೊತ್ತಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರ್ ಸುಟ್ಟುಹಾಕುತ್ತಾರೆ. ಬರ್ ತೆಳ್ಳಗಿರುವುದರಿಂದ ಬಿಸಿ ತಡೆಯದೆ ಉರಿದುಹೋಗುತ್ತದೆ, ಪಾರ್ಟ್ ಉಳಿಯುತ್ತದೆ. ಅಡ್ಡರಂಧ್ರ ಸೇರುವ, ಯಾವ ಟೂಲೂ ಹೋಗದ ಜಾಗಕ್ಕೆ ಇವು ಬೇಕು. ಕತ್ತರಿಸಿದ ತುದಿ ಎದುರಿಗೇ ಕಾಣುತ್ತಿರುವಾಗ ಇವಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ.

ಕೊಳ್ಳುವ ಮುಂಚೆ

ಮೊದಲು ನಿಮ್ಮ ಬ್ಲೇಡ್ ನೋಡಿ. ಚಾಪ್ ಸಾ ಬಿಟ್ಟು ಕೋಲ್ಡ್ ಸಾಗೆ ಹೋದರೆ, ಬ್ಲೇಡನ್ನು ಹೇಳಿದ ಸಮಯಕ್ಕೆ ಸಾಣೆಗೆ ಕಳಿಸಿದರೆ, ಚ್ಯಾಂಫರ್ ಮಿಷಿನ್ ಬೇಕು ಅನಿಸಿದ್ದ ಕೆಲಸಕ್ಕೆ ಬರೀ ಬ್ರಷ್ ಸಾಕಾಗಬಹುದು. ನಾವು ಮಾಡಿದ್ದು ಅದನ್ನೇ.

ಎರಡನೆಯದು ಡ್ರಾಯಿಂಗ್. 'ಬರ್ ಇರಬಾರದು' ಅಂತ ಬರೆದಿದ್ದರೆ ಗಿರಾಕಿಗೆ ಫೋನ್ ಮಾಡಿ, ಎಷ್ಟು ಕೆರೆಯಬಹುದು ಅಂತ ಕೇಳಿ. ಐಎಸ್‌ಒ 13715 ಅನ್ನುವ ಮಾನದಂಡ ಇರುವುದೇ ಇದಕ್ಕೆ. ಅದರ ಪ್ರಕಾರ ಹೊರ ಅಂಚಿಗೆ ಮೈನಸ್ ಅಂಕಿ ಬರೆದರೆ ಅಷ್ಟು ಲೋಹ ತೆಗೆಯಬೇಕು, ಪ್ಲಸ್ ಬರೆದರೆ ಅಷ್ಟು ಬರ್ ಇದ್ದರೂ ನಡೆಯುತ್ತದೆ. ಮೈನಸ್ 0.1ರಿಂದ ಮೈನಸ್ 0.3 ಅಂತ ಒಂದು ಸಾಲು ಇದ್ದರೆ ಜಗಳವೇ ಇಲ್ಲ, ಅಲ್ವಾ?

ಪರೀಕ್ಷೆಗೆ ಹೆಬ್ಬೆರಳು ಉಜ್ಜುವ ಚಟ ಬಿಡಿ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಒಳ ಅಂಚಿನ ಸುತ್ತ ಆಡಿಸಿ. ಬರ್ ಇದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಒಳಗೆ ಉಳಿದ ಚೂರನ್ನು ಗಾಳಿ ಊದಿ ತೆಗೆಯಿರಿ. ಕೂಲೆಂಟ್ ಹಸಿ ಇದ್ದರೆ ಗಾಳಿಗೆ ಬರುವುದಿಲ್ಲ, ತೊಳೆಯಲೇಬೇಕು. ಹೈಡ್ರಾಲಿಕ್ ಟ್ಯೂಬಿಗೆ ಗಾಳಿಯ ಗನ್‌ನಿಂದ ಫೋಮ್ ಉಂಡೆ ಹಾರಿಸಿ ಒಳಗನ್ನು ಒರೆಸುತ್ತಾರೆ. ಹೊರಬಂದ ಉಂಡೆಯ ಬಣ್ಣ ನೋಡಿದರೆ ಒಳಗೇನಿತ್ತು ಅಂತ ಗೊತ್ತಾಗುತ್ತದೆ.

ಮಿಷಿನ್ ಡೆಮೋಗೆ ಹೋಗುವಾಗ ನಿಮ್ಮದೇ ಟ್ಯೂಬು ತೆಗೆದುಕೊಂಡು ಹೋಗಿ. ಅಲ್ಲಿಟ್ಟಿರುವುದು ಯಾವಾಗಲೂ ಚೂಪು ಬ್ಲೇಡಿನಲ್ಲಿ ಕತ್ತರಿಸಿದ, ಒಳ ಗೆರೆ ಇಲ್ಲದ, ಎಣ್ಣೆ ಒರೆಸಿದ ಟ್ಯೂಬು. ನೀವು ಕೊಂಡೊಯ್ಯಬೇಕಾಗಿರುವುದು ಬ್ಲೇಡ್ ಮೊಂಡಾದ ಶನಿವಾರ ಸಂಜೆ ಕತ್ತರಿಸಿದ್ದು, ವೆಲ್ಡಿಂಗ್ ಗೆರೆ ಎದ್ದು ಕಾಣುವಂಥದ್ದು, ಹತ್ತಲ್ಲ, ಐವತ್ತು. ಐವತ್ತನೆಯದು ಹೊರಬಂದ ಮೇಲೆ ಮೊದಲನೆಯದನ್ನು ಪಕ್ಕದಲ್ಲಿಟ್ಟು ನೋಡಿ.